ಅರ್ಧ ಬ್ಯಾಳಿ ಶೇಂಗಾ

ಪಂಚಮಿ ಹತ್ರ ಬಂತು ಅಂದ್ರ ನೀವೆಲ್ಲಾರೂ ಉಂಡಿ ಬಗ್ಗೆನ ಕೇಳತೀರಿ. ಬೆಲ್ಲದ ಪಾಕ ಎಷ್ಟು ಎಳಿ ಬರಬೇಕು, ಅಳ್ಳಿಟ್ಟಿಗೆ ಏಲಕ್ಕಿ ಯಾವಾಗ ಹಾಕೂದು, ಎಳ್ಳುಂಡಿ ಯಾಕ ಒಡಿತಾವು ಅಂತ. ಈ ಸಲಾನೂ ಶೇಂಗಾ ಉಂಡಿ ಬಗ್ಗೆನ ಬರಿಬೇಕಂತ ಕುಂತೆ. ಕೈ ಮುಂದ ಹೋಗಲಿಲ್ಲ. ಹ್ವಾದ ವರ್ಷದ ಪಂಚಮಿ ಕಣ್ಣಮುಂದ ಬಂದು ನಿಂತು. ಮೊದಲು ಅದನ್ನ ಬರದು ಮುಗಸತೀನಿ, ಉಂಡಿ ಆಮ್ಯಾಲೆ ನೋಡೂಣು.

ನಮ್ಮ ಮಂದಿ ಹಾವೇರಿ ಜಿಲ್ಲಾದಾಗ ನಾಕು ಕಡೆ ಹರಡ್ಯಾರ. ನಾನು ಹುಟ್ಟಿದ್ದು ಸವಣೂರಾಗ, ಕೊಟ್ಟಿದ್ದು ಹಾನಗಲ್ಲಿಗೆ. ತಂಗೀನ ಶಿಗ್ಗಾಂವಿಗೆ ಕೊಟ್ಟಾರ, ಅಕಿ ಅಲ್ಲೇ ಅಂಗನವಾಡಿ ಟೀಚರ್. ಮಗಳನ್ನ ನಾವು ಹಿರೇಕೆರೂರಿಗೆ ಕೊಟ್ಟೀವಿ. ಹಬ್ಬ ಬಂದ್ರ ಈ ನಾಕೂ ಊರಿನ ಬಸ್ಸಿನ್ಯಾಗ ನಮ್ಮ ಮನಿಯವರು ಯಾರರ ಒಬ್ಬರು ಇರತಾರ, ತೊಡಿ ಮ್ಯಾಲೆ ಉಂಡಿ ಡಬ್ಬಿ ಇಟಗೊಂಡು.

ಹ್ವಾದ ವರ್ಷ ರೊಟ್ಟಿ ಹಬ್ಬದ ಹಿಂದಿನ ದಿನ ಮಗಳು ತವರಿಗೆ ಬಂದ್ಲು, ಹತ್ತು ತಿಂಗಳ ಕೂಸನ್ನ ಕರಕೊಂಡು. ಮೊಮ್ಮಗ ಆಗಷ್ಟ ಅಂಬೆಗಾಲು ಇಡಾಕತ್ತಿದ್ದ. ಮ್ಯಾಲೆ ಎರಡು, ಕೆಳಗ ಎರಡು ಹಲ್ಲು. ಕಂಡದ್ದೆಲ್ಲಾ ಬಾಯಿಗೆ. ಅಳಿಯನ ಮನಿಯಿಂದ ಹೊರಡೂ ಮುಂದ ಬೀಗ್ತಿ ಮಗಳಿಗೆ ಹೇಳಿ ಕಳಿಸಿದ್ರಂತ, ‘ಹಬ್ಬದ ಮನಿ, ಮಂದಿ ಗದ್ಲ, ಕೂಸಿನ ಮ್ಯಾಲೆ ಲಕ್ಷ್ಯ ಇರಲಿ’ ಅಂತ. ಅದನ್ನ ಕೇಳಿ ನನಗ ಸ್ವಲ್ಪ ಸಿಟ್ಟು ಬಂದಿತ್ತು. ನಾ ಏನು ಮಕ್ಕಳನ್ನ ಹಡದಿಲ್ಲೇನು, ಬೆಳಿಸಿಲ್ಲೇನು ಅಂತ. ಈ ಸಿಟ್ಟು ನೆನಪಿನ್ಯಾಗ ಇಟಗೋರಿ, ಮುಂದ ಬರತೈತಿ.

ಮರುದಿನ ಮಧ್ಯಾಹ್ನ ಪಡಸಾಲ್ಯಾಗ ಕುಂತು ಹುರದ ಶೇಂಗಾ ಮರದಾಗ ಹಾಕ್ಕೊಂಡು, ಅಂಗೈಲೆ ತಿಕ್ಕಿ ಸಿಪ್ಪಿ ಹಾರಸಾಕತ್ತಿದ್ದೆ. ಬಾಜೂಕ ಕೌದಿ ಮ್ಯಾಲೆ ಕೂಸು. ಅದರ ಮುಂದ ನನ್ನ ಮಗನ ಮಗಳು, ನಾಕು ವರ್ಷದಾಕಿ. ಮಗಳು ತಲಿ ಮ್ಯಾಲೆ ನೀರು ಹಾಕ್ಕೊಳ್ಳಾಕ ಬಚ್ಚಲಕ್ಕ ಹೋಗಿದ್ಲು. ಸಣ್ಣಾಕಿ ಮರದಾಗಿಂದ ಒಂದು ಶೇಂಗಾ ತಗೊಂಡು, ಎರಡು ಬ್ಯಾಳಿ ಮಾಡಿ, ಒಂದು ತಾನು ತಿಂದು ಇನ್ನೊಂದನ್ನ ‘ತಮ್ಮಾ, ಆ ಅನ್ನು’ ಅಂತ ಅವನ ಬಾಯಾಗ ಹಾಕಿದ್ಲು.

ನಾನು ನೋಡಿದೆ. ನೋಡಿ ನಕ್ಕೆ. ಪಾಲು ಹಂಚಿ ತಿನ್ನಾಕ ಕಲತಾಳಲ್ಲಾ ಅಂತ ಖುಷಿ ಆತು ನನಗ.

ಅಂವನೂ ನಗಾಕತ್ತಿದ್ದ. ನಕ್ಕೋತನ ಉಸಿರು ಒಳಗ ಎಳಕೊಂಡ. ಅಷ್ಟ ನೋಡ್ರಿ. ಒಮ್ಮಿಂದೊಮ್ಮೆಲೆ ಕೆಮ್ಮು. ಮಾರಿ ಕೆಂಪಾತು, ಕಣ್ಣಾಗ ನೀರು, ತುಟಿ ಒಂದು ಗಳಿಗಿ ಕಪ್ಪಿಟ್ಟವು. ಎತ್ತಿ ಹೆಗಲ ಮ್ಯಾಲೆ ಹಾಕ್ಕೊಂಡು ಬೆನ್ನು ತಟ್ಟಿದೆ, ಬಾಯಾಗ ಬೆಳ್ಳು ಹಾಕಿ ತಿರುವಿದೆ, ಏನೂ ಸಿಗಲಿಲ್ಲ. ಕೆಮ್ಮಿ ಕೆಮ್ಮಿ, ಅತ್ತು, ಆಮ್ಯಾಲೆ ತಣ್ಣಗಾದ. ನುಂಗ್ಯಾನ ಬಿಡು, ನಾಳೆ ಹೊರಗ ಹೊಕ್ಕೈತಿ ಅಂದ್ಕೊಂಡೆ.

ಮಗಳು ಒದ್ದಿ ಕೂದಲಾ ಕಟ್ಟಿಕೋತ ಓಡಿ ಬಂದು, ‘ಯಾಕವ್ವಾ, ಯಾಕ ಅತ್ತ?’ ಅಂತ ಕೇಳಿದ್ಲು.

‘ಏನಿಲ್ಲ, ನೀ ಕಾಣಲಿಲ್ಲಂತ’ ಅಂದೆ.

ಅಕಿ ಕೂಸನ್ನ ತಗೊಂಡು ಒಳಗ ಹ್ವಾದ ಮ್ಯಾಲೆ, ಸಣ್ಣಾಕಿ ಕಡೆ ಬಗ್ಗಿ ‘ಯಾರ ಮುಂದೂ ಹೇಳಬ್ಯಾಡ, ಬೈತಾರ’ ಅಂದೆ. ಅಕಿ ತಲಿ ಹಾಕಿದ್ಲು.

ಮರುದಿನ ನಾಗಪ್ಪಗ ಹಾಲು ಎರದ್ವಿ. ಜೋಕಾಲಿ ಕಟ್ಟಿದ್ವಿ. ಕೂಸು ಆಡತಿತ್ತು, ಹಾಲು ಕುಡಿತಿತ್ತು. ಮನಸಿನ್ಯಾಗ ನಾನೂ ಹಗುರಾದೆ. ಮೂರನೇ ದಿನ ರಾತ್ರಿ ಸಣ್ಣ ಕೆಮ್ಮು ಚಾಲೂ ಆತು. ಎದಿಯಾಗ ಸುಂಯ್ ಸುಂಯ್ ಸಪ್ಪಳ. ಶ್ರಾವಣದ ಜಿಟಿಜಿಟಿ ಮಳಿ, ಎಲ್ಲಾ ಮಕ್ಕಳಿಗೂ ನೆಗಡಿ ಇದ್ದದ್ದ ಅಂತ ಎಲ್ಲಾರೂ ಅಂದ್ರು. ಊರಾಗಿನ ಡಾಕ್ಟರಿಗೆ ತೋರಿಸಿದ್ವಿ. ಅವರು ಚಲೋತ್ನಾಗ ಎದಿಗೆ ನಳಿಗಿ ಹಚ್ಚಿ ನೋಡಿ ಕೇಳಿದ್ರು, ‘ಏನಾದ್ರೂ ಬಾಯಾಗ ಹಾಕ್ಕೊಂಡಿತ್ತೇನು? ಆಡೂ ಮುಂದ ಠಸಕಿ ಹತ್ತಿತ್ತೇನು?’

ಮಗಳು ನನ್ನ ಮಾರಿ ನೋಡಿದ್ಲು. ನಾನು ‘ಇಲ್ರಿ’ ಅಂದೆ.

ಅವರು ಸರಿಯಾದ ಪ್ರಶ್ನೆನ ಕೇಳಿದ್ರು. ಉತ್ತರ ತಪ್ಪಿತ್ತು. ಕೆಮ್ಮಿನ ಔಷಧ ಬರಕೊಟ್ರು, ಎರಡು ದಿನಕ್ಕ ಕಡಿಮಿ ಆಗದಿದ್ರ ಮತ್ತ ಬರ್ರಿ ಅಂದ್ರು.

ಮಗಳು ಹಿರೇಕೆರೂರಿಗೆ ಹೋದ್ಲು. ಅಲ್ಲಿ ಜ್ವರಾ ಬಂತು. ಅಲ್ಲಿನ ಡಾಕ್ಟರು ನ್ಯುಮೋನಿಯಾ ಅಂದ್ರು, ಔಷಧ ಕೊಟ್ರು, ಮಷಿನ್‌ಲೆ ಹಬಿ ಹಿಡಿಸಿದ್ರು. ಜ್ವರಾ ಇಳೀತು, ಔಷಧ ಮುಗೀತು, ಮತ್ತ ಜ್ವರಾ ಏರಿತು. ದಿನಾ ಸಂಜಿಮುಂದ ಫೋನ್. ನಾನು ‘ಅರಿಷಿಣದ ಹಾಲು ಕೊಡು, ಎದಿಗೆ ಕೊಬ್ಬರಿ ಎಣ್ಣಿ ತಿಕ್ಕು’ ಅಂತ ಹೇಳತಿದ್ದೆ. ಏನು ಹೇಳಬೇಕಾಗಿತ್ತೋ ಅದನ್ನ ಬಿಟ್ಟು ಎಲ್ಲಾ ಹೇಳತಿದ್ದೆ.

ಹನ್ನೆರಡನೇ ದಿನ. ಫೋನ್ ಇಟ್ಟು ಒಲಿ ಮುಂದ ಕುಂತಿದ್ದೆ. ಸಣ್ಣಾಕಿ ಬಂದು ನನ್ನ ಸೆರಗು ಹಿಡಕೊಂಡು ನಿಂತ್ಲು.

‘ಆಯಿ, ತಮ್ಮನ ಒಳಗಿನ ಶೇಂಗಾ ಕೆಮ್ಮಾಕತ್ತೈತೇನು?’

ಎದಿ ಧಸಕ್ ಅಂತು ನನಗ. ಇಬ್ಬರು ಡಾಕ್ಟರು, ಎರಡು ಮನಿ ಹಿರೇರು, ಅಷ್ಟು ಔಷಧ, ಯಾರಿಗೂ ಸಿಗದ್ದು ನಾಕು ವರ್ಷದ ಹುಡುಗಿಗೆ ಗೊತ್ತಿತ್ತು. ಯಾಕಂದ್ರ ಅಕಿಗೆ ನಡದದ್ದು ಗೊತ್ತಿತ್ತು. ನನಗೂ ಗೊತ್ತಿತ್ತು. ಅಕಿ ಬಾಯಿಗೆ ಬೀಗಾ ಹಾಕಿದಾಕಿ ನಾನು.

ಮೊದಲು ಶಿಗ್ಗಾಂವಿ ತಂಗಿಗೆ ಫೋನ್ ಹಚ್ಚಿದೆ. ಎಲ್ಲಾ ಹೇಳಿದೆ. ಅಕಿ ಬೈಲಿಲ್ಲ. ‘ಅಕ್ಕಾ, ನನ್ನ ಮುಂದ ಅಳಬ್ಯಾಡ. ಈಗಿಂದೀಗ ಹಿರೇಕೆರೂರಿಗೆ ಹಚ್ಚು. ನೀನ ಹೇಳು, ನಾ ಹೇಳಂಗಿಲ್ಲ’ ಅಂದ್ಲು. ಅವರ ತರಬೇತಿಯಾಗ ಇದನ್ನ ಹೇಳಿದ್ರಂತ: ಚಲೋ ಇದ್ದ ಕೂಸು ಒಮ್ಮೆಲೆ ಕೆಮ್ಮಿ, ಆಮ್ಯಾಲೆ ಸುಮ್ಮನಾಗಿ, ಎರಡು-ಮೂರು ದಿನಕ್ಕ ಮತ್ತ ಕೆಮ್ಮು-ದಮ್ಮು ಹಿಡೀತು ಅಂದ್ರ ಏನರ ಒಳಗ ಐತಿ ಅಂತ ತಿಳಕೋಬೇಕು ಅಂತ.

ಫೋನ್ ಎತ್ತಿದವರು ಬೀಗ್ತಿ. ನನ್ನ ಜೀವನದಾಗ ಅಷ್ಟು ಕಷ್ಟದ ಮಾತು ಇನ್ನೊಂದು ಆಡಿಲ್ಲ. ‘ಅಕ್ಕಾರ, ಕೂಸು ನಮ್ಮ ಮನ್ಯಾಗ ಶೇಂಗಾ ಬ್ಯಾಳಿ ಬಾಯಾಗ ಹಾಕ್ಕೊಂಡಿತ್ತು. ನಾ ನೋಡಿದ್ದೆ. ಡಾಕ್ಟರ ಮುಂದ ಸುಳ್ಳು ಹೇಳೀನಿ’ ಅಂದೆ. ಆ ಕಡೆ ಭಾಳ ಹೊತ್ತು ಸಪ್ಪಳಿಲ್ಲ. ಆಮ್ಯಾಲೆ ‘ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಹೊಂಡತೀವಿ’ ಅಂತಷ್ಟ ಅಂದು ಇಟ್ರು.

ನಾನು ಹಾನಗಲ್ಲದಿಂದ ಬಂಕಾಪುರಕ್ಕ ಬಂದು ಹೈವೇ ಮ್ಯಾಲೆ ನಿಂತೆ. ಅವರ ಕಾರು ಹಾವೇರಿ ದಾಟಿ ಬಂತು. ಶಿಗ್ಗಾಂವಿಯಾಗ ತಂಗಿ ಹತ್ತಿದ್ಲು. ಹುಬ್ಬಳ್ಳಿ ತನಕ ಯಾರೂ ಮಾತಾಡಲಿಲ್ಲ. ಕೂಸಿನ ಉಸಿರಿನ ಸಪ್ಪಳಷ್ಟ. ಪಕ್ಕಡಿ ಸಂದ್ಯಾಗಿನ ಚರ್ಮ ಒಳಗ ಜಗ್ಗಿ ಜಗ್ಗಿ ಬಿಡತಿತ್ತು.

ದೊಡ್ಡ ದವಾಖಾನ್ಯಾಗ ಶೇಂಗಾ ಅನ್ನೂ ಮಾತು ಬಂದ ಕೂಡಲೇ ಎಲ್ಲಾರ ನಡಿಗಿ ಜೋರಾತು. ಎಕ್ಸ್‌ರೇ ತಗದ್ರು. ನಾನು ಅದರಾಗ ಶೇಂಗಾ ಕಾಣತೈತಿ ಅಂತ ತಿಳಕೊಂಡಿದ್ದೆ. ಡಾಕ್ಟರು ಹೇಳಿದ್ರು: ನಾಣ್ಯ, ಪಿನ್ನು, ಮಳಿ ಇಂಥಾ ಲೋಹದ ಸಾಮಾನು ಎಕ್ಸ್‌ರೇದಾಗ ಬೆಳ್ಳಗ ಕಾಣತಾವು, ಶೇಂಗಾ, ಕಡ್ಲಿ, ಹುಣಸಿ ಬೀಜ, ಪ್ಲಾಸ್ಟಿಕ್ ಕಾಣಂಗಿಲ್ಲ. ಆದ್ರ ಅದರ ಗುರ್ತು ಕಾಣತೈತಿ. ನಮ್ಮ ಕೂಸಿನ ಬಲಗಡಿ ಫುಪ್ಪುಸ ಎಡಗಡೀದಕ್ಕಿಂತ ಉಬ್ಬಿತ್ತು. ಉಸಿರು ಎಳಕೊಂಡಾಗ ನಳಿಗಿ ಸ್ವಲ್ಪ ಹಿಗ್ಗತೈತಿ, ಶೇಂಗಾದ ಬಾಜೂಕಿಂದ ಗಾಳಿ ಒಳಗ ಹೊಕ್ಕೈತಿ. ಉಸಿರು ಬಿಟ್ಟಾಗ ನಳಿಗಿ ಕುಗ್ಗಿ ದಾರಿ ಮುಚ್ಚತೈತಿ, ಗಾಳಿ ಅಲ್ಲೇ ಉಳಿತೈತಿ. ಸೈಕಲ್ ಟ್ಯೂಬಿನ ವಾಲ್ವ್ ಇದ್ಧಂಗ. ಕೆಲವು ಕೂಸುಗಳ ಎಕ್ಸ್‌ರೇ ಪೂರಾ ಚಲೋ ಇದ್ದಂಗೂ ಕಾಣಬಹುದಂತ. ಅದಕ್ಕ ಚಿತ್ರಕ್ಕಿಂತ ಮನಿಯವರ ಮಾತು ದೊಡ್ಡದು ಅಂದ್ರು.

ಮೈಮರೆಸಿ, ಬಾಯಿಂದ ಗಟ್ಟಿ ನಳಿಗಿ ಹಾಕಿ, ಅದರೊಳಗಿಂದ ದೀಪ ಬಿಟ್ಟು ನೋಡಿ, ಸಣ್ಣ ಚಿಮಟಿಗೀಲೆ ಹಿಡದು ತಗೀತಾರ. ಬ್ರಾಂಕೋಸ್ಕೋಪಿ ಅಂತಾರ ಅದಕ್ಕ. ಕೊಯ್ಯೂದಿಲ್ಲ, ಹೊಲಿಗಿ ಇಲ್ಲ, ಆದ್ರೂ ಸಣ್ಣ ಕೆಲಸ ಅಲ್ಲ. ಕೂಸು ಉಸಿರಾಡೂ ದಾರ್ಯಾಗನ ಡಾಕ್ಟರು ಕೆಲಸ ಮಾಡಬೇಕು. ಅಳಿಯ ಕಾಗದಕ್ಕ ಸಹಿ ಮಾಡೂ ಮುಂದ ಅವನ ಕೈ ನಡಗಾಕತ್ತಿತ್ತು.

ಹೊರಗಿನ ಬಾಕಿನ ಮ್ಯಾಲೆ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಬೀಗ್ತಿ. ನಡುವ ತಂಗಿ. ಆ ಹೊತ್ತಿನ್ಯಾಗ ನನಗ ಸವಣೂರು ನೆನಪಾತು. ನಮ್ಮೂರಿಗೆ ಹ್ವಾದವರು ದೊಡ್ಡ ಹುಣಸಿ ಮರ ನೋಡಿ ಬರತಾರ. ಹೆಸರಿಗೆ ಹುಣಸಿ, ಜಾತಿ ಆಫ್ರಿಕಾದ್ದು. ನಾವು ಹುಡುಗ್ಯಾರು ಖರೇ ಹುಣಸಿ ಬೀಜ ಆರಿಸಿಕೊಂಡು ಕಟ್ಟಿ ಮ್ಯಾಲೆ ಅಳಗುಳಿಮನಿ ಆಡತಿದ್ವಿ. ನನಗ ಒಬ್ಬ ತಮ್ಮ ಇದ್ದ, ವರ್ಷದಾಂವ. ನಮ್ಮ ಆಟದ ನಡುವ ಬಂದು ಕುಂಡ್ರತಿದ್ದ. ಒಂದು ದಿನ ಕೆಮ್ಮಿದ, ಆಮ್ಯಾಲೆ ಹದಿನೈದು ದಿನ ದಮ್ಮು ಹತ್ತಿ ಹೋಗೇಬಿಟ್ಟ. ಗಾಳಿ ಸೋಕಿತು ಅಂದ್ರು ನಮ್ಮ ಅಜ್ಜಿ. ಅದು ಹುಣಸಿ ಬೀಜಾನೋ, ಬ್ಯಾರೆ ಬ್ಯಾನಿನೋ, ಇವತ್ತಿಗೂ ಗೊತ್ತಿಲ್ಲ. ಆಟದಾಗ ಬೀಜ ಎಣಿಸಿ ನೋಡ್ರಿ ಅಂತ ಯಾರೂ ಅನ್ನಲಿಲ್ಲ. ನಮ್ಮನ್ನ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಬಾಗಲಾ ತೆರೀತು. ಡಾಕ್ಟರು ಸಣ್ಣ ಬಾಟ್ಲಿ ಹಿಡಕೊಂಡು ಬಂದ್ರು. ಅದರಾಗ ಅರ್ಧ ಬ್ಯಾಳಿ ಶೇಂಗಾ. ನೆನಸಿ ಇಟ್ಟಂಗ ಉಬ್ಬಿತ್ತು, ಬಣ್ಣ ಕೆಟ್ಟಿತ್ತು. ಶೇಂಗಾದಾಗಿನ ಎಣ್ಣಿ ಅಂಶ ನಳಿಗಿಯ ಒಳಗಿನ ತೊಗಲನ್ನ ಕೆರಳಸತೈತಂತ, ಬಾವು ಬರತೈತಂತ. ಪಸಿಗೆ ಉಬ್ಬತೈತಿ. ದಿನ ಹೋದಂಗ ಮೆತ್ತಗಾಗಿ, ಹಿಡದ್ರ ಚೂರಾಗಿ ಇನ್ನೂ ಆಳಕ್ಕ ಜಾರತೈತಿ. ಅದಕ್ಕ ಮೊದಲ ದಿನ ತಗಿಯೂದು ಬ್ಯಾರೆ, ಹನ್ನೆರಡನೇ ದಿನ ತಗಿಯೂದು ಬ್ಯಾರೆ.

ನಾನು ಅವರ ಮುಂದೂ ತಪ್ಪು ಒಪ್ಪಿಕೊಂಡೆ. ಅವರು ಒಂದ ಮಾತು ಅಂದ್ರು: ‘ಅಮ್ಮಾರ, ಮೊದಲನೇ ದಿನ ಹೇಳಿದ್ರ ಕೂಸಿಗೆ ಇಷ್ಟು ತ್ರಾಸ ಆಗತಿರಲಿಲ್ಲ. ಈಗರ ಹೇಳಿದ್ರಿ. ಎಷ್ಟೋ ಮಂದಿ ಕಡೀತನಕ ಹೇಳಂಗಿಲ್ಲ.’

ಅವತ್ತು ರಾತ್ರಿ ಬೀಗ್ತಿ ನನ್ನ ಬಾಜೂಕ ಬಂದು ಕುಂತ್ರು. ಬೈತಾರ ಅಂತ ತಲಿ ತಗ್ಗಿಸಿದೆ. ಅವರು ಅಂದದ್ದು ಬ್ಯಾರೆ. ‘ಅಕ್ಕಾರ, ನಂದೂ ಒಂದು ಐತಿ. ಕೂಸಿಗೆ ಎರಿಯೂ ಮುಂದ ದಿನಾ ಮೂಗಿನ್ಯಾಗ ಎರಡು ಹನಿ ಎಣ್ಣಿ ಬಿಡತಿದ್ದೆ, ಮೂಗು ಸ್ವಚ್ಛ ಆಕ್ಕೈತಿ ಅಂತ. ಡಾಕ್ಟರು ನಮ್ಮೂರಾಗ ಕೇಳಿದ್ರು, ಎಣ್ಣಿ ಬಿಡತೀರೇನು ಅಂತ. ಇಲ್ಲ ಅಂದೆ. ಸೊಸಿ ಮುಂದ ಸಣ್ಣಾಕಿ ಆಗತೀನಿ ಅಂತ.’

ಇಬ್ಬರು ಮುದುಕೇರು, ಇಬ್ಬರದೂ ಒಂದ ಸುಳ್ಳು. ಮರುದಿನ ಇಬ್ಬರೂ ಕೂಡೇ ಹೋಗಿ ಡಾಕ್ಟರನ್ನ ಕೇಳಿದ್ವಿ. ಎಣ್ಣಿ ಶೇಂಗಾದಕಿಂತ ಕಳ್ಳ ಅಂದ್ರು. ಗಟ್ಟಿ ಪದಾರ್ಥ ಹ್ವಾದ್ರ ಕೂಸು ಕೆಮ್ಮತೈತಿ. ಎಣ್ಣಿ, ತುಪ್ಪ ನುಣ್ಣಗ ಜಾರಿ ಕೆಮ್ಮು ಬರಸದನ ಫುಪ್ಪುಸಕ್ಕ ಇಳದು ಅಲ್ಲೇ ಕುಂಡ್ರತೈತಿ. ಅದರಿಂದನೂ ಒಂದು ನಮೂನಿ ನ್ಯುಮೋನಿಯಾ ಆಗತೈತಿ. ಮೈಗೆ ತಿಕ್ಕೂದಕ್ಕ ಅಡ್ಡಿ ಇಲ್ಲ. ಮೂಗು, ಬಾಯಿಗೆ ಬಿಡಬಾರದು. ಅಳೂ ಕೂಸಿನ ಮೂಗು ಹಿಡದು ಒಳ್ಳಿಲೆ ಔಷಧ, ಹಾಲು ಹೊಯ್ಯೂದೂ ಹಂಗ. ಪೌಡರ್ ಡಬ್ಬಿ ಕೂಸಿನ ಮಾರಿ ಮ್ಯಾಲೆ ಝಾಡಸೂದೂ ಹಂಗ.

ಸಣ್ಣ ಮಕ್ಕಳಿಗೆ ಹಿಂಗ ಯಾಕ ಆಗತೈತಿ ಅಂತನೂ ಅವರು ತಿಳಿಸಿ ಹೇಳಿದ್ರು. ಮುಂದಿನ ಹಲ್ಲು ಕಡಿಯಾಕ, ಹಿಂದಿನ ದವಡಿ ಹಲ್ಲು ಅರಿಯಾಕ. ಕೂಸಿಗೆ ಕಡಿಯೂ ಹಲ್ಲು ಮೊದಲು ಬರತಾವು, ಅರಿಯೂ ಹಲ್ಲು ವರ್ಷ ದಾಟಿದ ಮ್ಯಾಲೆ ಚಾಲೂ ಆಗಿ ಎರಡೂವರಿ-ಮೂರು ವರ್ಷಕ್ಕ ಪೂರಾ ಬರತಾವು. ನಡುವಿನ ಈ ಕಾಲದಾಗ ಅದು ತುಂಡು ಮಾಡತೈತಿ, ಅರಿಯಾಕ ಬರಂಗಿಲ್ಲ. ಕೂಸಿನ ಶ್ವಾಸನಳಿಗಿ ಹೆಚ್ಚುಕಡಿಮಿ ಅದರ ಕಿರುಬೆಳ್ಳಿನಷ್ಟ ದಪ್ಪ. ಅದು ಎರಡು ಕವಲು ಒಡದು ಎಡ-ಬಲ ಫುಪ್ಪುಸಕ್ಕ ಹೊಕ್ಕೈತಿ. ಅಂಥಾ ದಾರ್ಯಾಗ ಅರ್ಧ ಬ್ಯಾಳಿ ಅಂದ್ರ ನಮ್ಮ ಓಣಿಯಾಗ ಕಬ್ಬಿನ ಲಾರಿ ಅಡ್ಡ ನಿಂತಂಗ. ಅದರಾಗ ನಗೂ ಮುಂದ, ಅಳೂ ಮುಂದ, ಓಡೂ ಮುಂದ ಬಾಯಾಗ ಏನರ ಇದ್ರ ಉಸಿರಿನ ಕೂಡ ಒಳಗ ಎಳಕೋತಾವು. ಇಂಥಾ ಪ್ರಸಂಗ ಹೆಚ್ಚು ಆಗೂದು ಮೂರು ವರ್ಷದೊಳಗಿನ ಮಕ್ಕಳಿಗೆ. ಇನ್ನೂ ಸಣ್ಣ ಕೂಸು ಇದ್ರ, ಬಾಜೂಕಿನ ಅಕ್ಕ-ಅಣ್ಣಂದಿರು ಪ್ರೀತಿಲೆ ತಿನಸಲಾಕ ಹೋಗಿ ಆಗತೈತಿ. ನಮ್ಮ ಮನ್ಯಾಗ ಆದಂಗ.

ತಂಗಿ ಮಗ ನರ್ಸಿಂಗ್ ಕಲಿಯಾಕತ್ತಾನ. ಅಂವ ದವಾಖಾನಿಗೆ ಬಂದಾಗ ಒಂದು ಕಥಿ ಹೇಳಿದ. ಹಿಂದಕ್ಕ ಹಿಂಗ ಒಳಗ ಹ್ವಾದದ್ದನ್ನ ತಗಿಯಾಕ ದಾರಿನ ಇರಲಿಲ್ಲ. 1897ರಾಗ ಜರ್ಮನಿಯ ಗುಸ್ತಾವ್ ಕಿಲಿಯಾನ್ ಅನ್ನೂ ಡಾಕ್ಟರು ಒಬ್ಬ ರೈತನ ಶ್ವಾಸನಳಿಗಿಯೊಳಗ ಸಿಕ್ಕೊಂಡಿದ್ದ ಹಂದಿ ಎಲುವಿನ ಚೂರನ್ನ ನಳಿಗಿ ಹಾಕಿ ತಗದ್ರಂತ. ಅದ ಮೊದಲು. ಆಮ್ಯಾಲೆ ಅಮೆರಿಕಾದ ಫಿಲಡೆಲ್ಫಿಯಾದಾಗ ಚೆವಲಿಯರ್ ಜ್ಯಾಕ್ಸನ್ ಅನ್ನೂ ಡಾಕ್ಟರು (1865–1958) ಈ ಕೆಲಸದಾಗನ ಜೀವಮಾನ ಕಳದ್ರು. ಮಂದಿ ನುಂಗಿದ್ದು, ಉಸಿರಿನ್ಯಾಗ ಎಳಕೊಂಡಿದ್ದು, ತಗದದ್ದನ್ನ ಒಂದನ್ನೂ ಒಗಿಲಿಲ್ಲಂತ. ಪಿನ್ನು, ಗುಂಡಿ, ನಾಣ್ಯ, ಕಾಳು, ಆಟಗಿ ಸಾಮಾನು, ಎಲ್ಲಾ ಸೇರಿ 2,374. ಅಲ್ಲಿನ ಮ್ಯೂಟರ್ ಮ್ಯೂಸಿಯಂದಾಗ ಸಣ್ಣ ಸಣ್ಣ ಡ್ರಾ ಮಾಡಿ ಇಟ್ಟಾರಂತ. ಅಂವ ಮೊಬೈಲ್‌ನ್ಯಾಗ ಚಿತ್ರ ತೋರಿಸಿದ. ನಮ್ಮ ಅಡಗಿಮನಿ ಡ್ರಾ, ಹೊಲಿಗಿ ಮಷಿನ್ ಡ್ರಾ ತಗದು ನೋಡಿದ್ರ ಅವ ಸಾಮಾನು. ಯಾವ ದೇಶದ ಕೂಸಾದ್ರೂ ಬಾಯಿಗೆ ಹಾಕ್ಕೊಳ್ಳೂದು ಮನ್ಯಾಗ ಇದ್ದದ್ದನ್ನ.

ನಾಕು ದಿನ ಬಿಟ್ಟು ಕೂಸನ್ನ ಮನಿಗೆ ಕರಕೊಂಡು ಹೋದ್ವಿ. ಹೊರಡೂಕಿಂತ ಮೊದಲು ನರ್ಸಮ್ಮ ಒಂದು ಗೊಂಬಿ ಮ್ಯಾಲೆ ನಮ್ಮಿಬ್ಬರಿಗೂ ಮಾಡಿ ತೋರಿಸಿದ್ರು. ಅದನ್ನ ಇಲ್ಲೆ ಬರಿತೀನಿ, ಓದಿ ಬಿಡಬ್ಯಾಡ್ರಿ, ಒಮ್ಮೆ ದಿಂಬಿನ ಮ್ಯಾಲೆ ಮಾಡಿ ನೋಡ್ರಿ.

ಕೂಸು ಜೋರಾಗಿ ಕೆಮ್ಮಾಕತ್ತೈತಿ, ಅಳಾಕತ್ತೈತಿ ಅಂದ್ರ ಗಾಳಿ ಆಡಾಕತ್ತೈತಿ ಅಂತರ್ಥ. ಆಗ ಬೆನ್ನು ಬಡಿಯೂದು ಬ್ಯಾಡ, ಕೆಮ್ಮಾಕ ಬಿಡ್ರಿ, ಕಣ್ಣು ತಗಿಬ್ಯಾಡ್ರಿ. ಬಾಯಾಗ ಬೆಳ್ಳು ಹಾಕಿ ಹುಡಕಬ್ಯಾಡ್ರಿ. ಕಣ್ಣಿಗೆ ಕಂಡದ್ದನ್ನಷ್ಟ ತಗೀಬೇಕು, ಕಾಣದ್ದನ್ನ ಕೆದಕಿದ್ರ ಇನ್ನೂ ಒಳಗ ಹೊಕ್ಕೈತಿ. ನಾ ಮಾಡಿದ್ದು ಅದ ತಪ್ಪು. ನೀರು ಕುಡಿಸೂದು, ಬಾಳಿಹಣ್ಣು ನುಂಗಸೂದು, ಕಾಲು ಹಿಡದು ತಲಿಕೆಳಗ ಮಾಡಿ ಝಾಡಸೂದು ಯಾವುದೂ ಬ್ಯಾಡ.

ಕೂಸಿಗೆ ದನಿ ಹೊಂಡಾಕವಲ್ದು, ಉಸಿರು ಆಡವಲ್ದು, ಮಾರಿ ನೀಲಿ ಆಗಾಕತ್ತೈತಿ ಅಂದ್ರ ಒಂದು ಗಳಿಗಿನೂ ಕಾಯಬಾರದು. ಒಬ್ಬರು 108ಕ್ಕ ಫೋನ್ ಹಚ್ಚಬೇಕು. ವರ್ಷದೊಳಗಿನ ಕೂಸಿದ್ರ ಮುಂಗೈ ಮ್ಯಾಲೆ ಬೋರಲು ಮಲಗಿಸಿಕೋರಿ, ಗದ್ದ ಹಿಡೀರಿ, ತಲಿ ಎದಿಗಿಂತ ಕೆಳಗ ಇರಲಿ. ಎರಡೂ ಹೆಗಲಿನ ನಡುವ ಅಂಗೈ ಬುಡದ್ಲೆ ಐದು ಏಟು ಹಾಕ್ರಿ. ಬರಲಿಲ್ಲಂದ್ರ ಅಂಗಾತ ಮಾಡಿ, ಎದಿ ನಟ್ಟನಡುವ ಎಲುವಿನ ಮ್ಯಾಲೆ ಐದು ಸಲ ಒತ್ತ್ರಿ. ಮತ್ತ ಬೋರಲು, ಮತ್ತ ಅಂಗಾತ, ಹೊರಗ ಬೀಳೂತನಕ. ವರ್ಷದೊಳಗಿನ ಕೂಸಿನ ಹೊಟ್ಟಿ ಒತ್ತಬಾರದು. ಹಿಂದ ನಿಂತು ಹೊಟ್ಟಿ ಒತ್ತೂದನ್ನ 1974ರಾಗ ಹೈಮ್ಲಿಕ್ ಅನ್ನೂ ಡಾಕ್ಟರು ತೋರಿಸಿಕೊಟ್ರಂತ, ಅದು ವರ್ಷ ದಾಟಿದವರಿಗೆ. ಕೂಸು ಜೋಲು ಬಿದ್ರ ಎದಿ ಒತ್ತಿ, ಬಾಯಿಗೆ ಉಸಿರು ಕೊಡೂದು ಚಾಲೂ ಮಾಡಬೇಕು. ಇದನ್ನ ಓದಿ ಕಲಿಯಾಕ ಆಗಂಗಿಲ್ಲ. ನಿಮ್ಮೂರ ಆರೋಗ್ಯ ಕೇಂದ್ರದಾಗ ಕೇಳಿ ಕೈಲೆ ಮಾಡಿ ಕಲೀರಿ.

ಎಲ್ಲಾಕಿಂತ ದೊಡ್ಡದು ಇದು: ಕೆಮ್ಮಿ ಸುಮ್ಮನಾತು ಅಂದ್ರ ಮುಗೀತು ಅಂತ ತಿಳೀಬ್ಯಾಡ್ರಿ. ಒಳಗ ಹ್ವಾದದ್ದು ಒಂದು ಕಡೆ ಕುಂತು ಬಿಟ್ರ ಕೂಸು ಆರಾಮ ಕಾಣತೈತಿ. ಆ ಸುಮ್ಮನ ದಿನಗಳ ನಮ್ಮನ್ನ ಮೋಸ ಮಾಡತಾವು. ಅವತ್ತ ದವಾಖಾನಿಗೆ ಹೋಗ್ರಿ. ಹೋಗಿ ನಡದದ್ದನ್ನ ನಡದಂಗ ಹೇಳ್ರಿ, ಯಾರು ಕೊಟ್ರು, ಏನು ಕೊಟ್ರು, ಎಷ್ಟೊತ್ತಿಗೆ ಅಂತ.

ಈಗ ನಮ್ಮೆರಡೂ ಮನ್ಯಾಗ ಪದ್ಧತಿ ಬದಲಾಗ್ಯಾವು. ಶೇಂಗಾ, ಪುಟಾಣಿ, ಕಡ್ಲಿಕಾಳು, ಹುರದ ಬಟಾಣಿ, ಅಡಕಿ ಚೂರು ಯಾವುದೂ ನೆಲದ ಮ್ಯಾಲೆ ಕುಂತು ಆರಸಂಗಿಲ್ಲ, ಕಟ್ಟಿ ಮ್ಯಾಲೆನ. ನಾಕೈದು ವರ್ಷ ಆಗೂತನಕ ಇಡೀ ಕಾಳು ಕೊಡಂಗಿಲ್ಲ. ಶೇಂಗಾದ ರುಚಿ ಬೇಕಂದ್ರ ನುಣ್ಣಗ ಪುಡಿ ಮಾಡಿ ಗಂಜ್ಯಾಗ ಕಲಸತೀವಿ. ದ್ರಾಕ್ಷಿ ಉದ್ದಕ್ಕ ನಾಕು ಸೀಳು. ಸೀತಾಫಲ ಬೀಜ ತಗದು ತಿರುಳಷ್ಟ. ಕೂಸಿನ ಅಂಗಿಗೆ ಪಿನ್ನು ಹಾಕೂದು ಬಿಟ್ಟು ದಾರದ ಕಟ್ಟು ಹೊಲದೀನಿ. ಜಾತ್ರಿ ಪೀಪಿ, ಬಣ್ಣದ ದೀಪದ ಆಟಗಿ ತಂದ್ರ ಮೊದಲು ನಾವು ಜಗ್ಗಿ ನೋಡತೀವಿ, ಏನರ ಕಿತ್ತು ಬರತೈತೇನು ಅಂತ. ಗುಂಡಿಯಂಥಾ ಸಣ್ಣ ಸೆಲ್ ಕೂಸು ನುಂಗಿದ್ರ ಅನ್ನನಾಳದಾಗ ಸಿಕ್ಕು ಎರಡು ತಾಸಿನ್ಯಾಗ ಸುಡಾಕ ಚಾಲೂ ಮಾಡತೈತಂತ. ರಿಮೋಟಿಗೆ ಟೇಪ್ ಸುತ್ತೀನಿ. ತಿನ್ನೂ ಮುಂದ ಕುಂತು ತಿನ್ನೂದು. ನಗಸೂದು, ಅಟ್ಟಿಸಿಕೊಂಡು ಹೋಗಿ ತುತ್ತು ಹಾಕೂದು ಬಂದ್.

ಆದ್ರ ಇವೆಲ್ಲಾ ಮಾಡಿದ ಮ್ಯಾಲೂ ಕೂಸು ಕೂಸ. ಕಣ್ಣು ತಪ್ಪಿಸಿ ಏನರ ಹಾಕ್ಕೋಬಹುದು. ಅದಕ್ಕ ನಮ್ಮ ಮನ್ಯಾಗ ಇನ್ನೊಂದು ಪದ್ಧತಿ ಮಾಡೀವಿ. ಕೂಸಿಗೆ ಏನರ ಆದ್ರ ಮೊದಲು ಹೇಳಿದವರಿಗೆ ಬೈಬಾರದು. ಸೊಸಿ ಇರಲಿ, ಅತ್ತಿ ಇರಲಿ, ಸಣ್ಣ ಹುಡುಗರ ಇರಲಿ. ನಾನು ಶೇಂಗಾಕ್ಕ ಅಂಜಿ ಸುಳ್ಳು ಹೇಳಲಿಲ್ಲ, ಮಾತಿಗೆ ಅಂಜಿ ಹೇಳಿದೆ. ‘ತವರಮನ್ಯಾಗ ಹಿಂಗಾತು’ ಅಂತ ಅಂದಾರು ಅಂತ. ಹನ್ನೆರಡು ದಿನ ಕೂಸಿನ ಉಸಿರಿನಕಿಂತ ನನ್ನ ಮಾನ ದೊಡ್ಡದಾಗಿತ್ತು. ಬರಿಯಾಕ ನಾಚಿಕಿ ಬರತೈತಿ, ಆದ್ರೂ ಬರದೀನಿ. ನಿಮ್ಮ ಮನ್ಯಾಗೂ ಯಾರರ ಒಬ್ಬರು ಹಿಂಗ ಬಾಯಿ ಮುಚ್ಚಿಕೊಂಡು ಕುಂತಿರಬಹುದು.

ಹುಬ್ಬಳ್ಳಿಯಿಂದ ಬಂದ ದಿನ ಸಣ್ಣಾಕೀನ ತೊಡಿ ಮ್ಯಾಲೆ ಕುಂಡ್ರಿಸಿಕೊಂಡು, ‘ಹೇಳಬ್ಯಾಡ ಅಂತ ನಾ ಅಂದದ್ದು ತಪ್ಪವ್ವಾ. ನೀ ಹೇಳಿದ್ದಕ್ಕ ತಮ್ಮ ಆರಾಮಾದ’ ಅಂದೆ. ಅಕಿ ‘ಶೇಂಗಾ ಹೊರಗ ಬಂತಾ?’ ಅಂದ್ಲು. ಬಂತು ಅಂದೆ. ಆಡಾಕ ಓಡಿ ಹೋದ್ಲು.

ಈ ಸಲ ಪಂಚಮಿಗೆ ಮತ್ತ ಎಲ್ಲಾರೂ ಬರತಾರ. ಬೀಗ್ತಿಯವರೂ ಬರತೀನಿ ಅಂದಾರ. ಮೊಮ್ಮಗ ಈಗ ಓಡತಾನ, ದವಡಿ ಹಲ್ಲು ಒಂದೊಂದ ಬರಾಕತ್ತಾವು. ಐದು ವರ್ಷದ ಅಕ್ಕ ದಿನಾ ಅವನ ಬಾಯಿ ತಗಸಿ ಎಣಸತಾಳ. ನಿನ್ನೆ ನನಗ ಬಂದು ಲೆಕ್ಕ ಒಪ್ಪಿಸಿದ್ಲು: ‘ಇನ್ನೂ ಭಾಳ ಬರಬೇಕು ಆಯಿ, ಈ ವರ್ಷ ಅವಗ ಉಂಡಿ ಇಲ್ಲ, ಪುಡಿ ಅಷ್ಟ.’

ಮುಂದಿನ ವಾರ ಶೇಂಗಾ ಉಂಡಿ ಬರಿತೀನಿ. ಬೆಲ್ಲ ತಂದು ಇಟಗೋರಿ.